ಮೂರನೆಯ ದ್ರವ

ನೂರು ತುಂಬಿದರೆ ಮೂವತ್ತನಾಲ್ಕು ಬರುತ್ತಿತ್ತು. ಮತ್ತೆ ನೂರು ತುಂಬಿದರೆ ಮತ್ತೆ ಮೂವತ್ತನಾಲ್ಕು. ಅಮೃತೇಶನಿಗೆ ಈ ಸಂಖ್ಯೆ ಎಷ್ಟು ಅಭ್ಯಾಸವಾಗಿಹೋಗಿತ್ತೆಂದರೆ, ಆ ಸೋಮವಾರ ಮಧ್ಯಾಹ್ನ ಪರೀಕ್ಷೆಯ ಯಂತ್ರದ ಪರದೆಯಲ್ಲಿ ಮೂವತ್ತಮೂರು ಕಾಣಿಸಿಕೊಂಡಾಗ, ಒಂದು ಕಡಿಮೆಯಾಯಿತಲ್ಲ ಎಂದಷ್ಟೇ ಅನ್ನಿಸಿತು. ಬೇಸರವಾಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಅವನ ಮನಸ್ಸಿಗೆ ಜೋಮು ಹಿಡಿದು ಒಂದು ತಿಂಗಳಾಗಿತ್ತು. ಚಿವುಟಿದರೆ ಚಿವುಟಿದ್ದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ತಗಡಿನ ಚಾವಣಿಯ ಶೆಡ್ಡೊಂದರಲ್ಲಿ ಅವರ ಪ್ರಯೋಗಾಲಯ. ಇದ್ದದ್ದು ಮೂರೇ ಜನ. ಮುಖ್ಯಸ್ಥೆ ವನಜಾಕ್ಷಿ, ಎಂ.ಎಸ್ಸಿ. ಮುಗಿಸಿ ಮೂರು ವರ್ಷದಿಂದ ಅಲ್ಲಿರುವ ಅಮೃತೇಶ, ಮತ್ತು ಸೆಲ್ಲುಗಳನ್ನು ಜೋಡಿಸಿ, ಪ್ರೆಸ್ಸಿನಲ್ಲಿ ಒತ್ತಿ ಸೀಲ್ ಮಾಡುವ ಹುಚ್ಚಯ್ಯ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವನೂ ಸಂಜೆ ಎಲ್ಲರಿಗಿಂತ ಕೊನೆಗೆ ಬೀಗ ಹಾಕುವವನೂ ಅವನೇ.

ಅಲ್ಲಿ ಮಾಡುತ್ತಿದ್ದದ್ದು ಪಾಲಿಮರಿನ ಬ್ಯಾಟರಿ. ನಾಣ್ಯದಷ್ಟು ಅಗಲದ ಸೆಲ್ಲು. ಅದರೊಳಗೆ ಕಿತ್ತಳೆ ಬಣ್ಣದ ತೆಳುವಾದ ಪಾಲಿಮರ್ ಪದರ. ಚಾರ್ಜು ಕೂತಿರುವುದು ಆ ಪದರದೊಳಗೆ. ಅದು ಹೊರಗೆ ಬರಬೇಕಾದರೆ ಸುತ್ತಲಿನ ದ್ರವದಲ್ಲಿ ಕರಗಿದ ಉಪ್ಪಿನ ಕಣಗಳು ಪದರದ ಒಳಗೂ ಹೊರಗೂ ಓಡಾಡಬೇಕು. ಆ ದ್ರವವೇ ಎಲೆಕ್ಟ್ರೋಲೈಟು. ಪದರ ಅದನ್ನು ಕುಡಿದು ಹದವಾಗಿ ಉಬ್ಬಿದರೆ ದಾರಿ ತೆರೆದುಕೊಳ್ಳುತ್ತದೆ, ಇಲ್ಲವಾದರೆ ಇಲ್ಲ. ಅಮೃತೇಶ ಮೂರು ದ್ರವಗಳನ್ನು ಹಿಡಿದು ಕೂತಿದ್ದ. ಮೊದಲನೆಯದರಲ್ಲಿ ಪದರ ನೀರಿಗೆ ಬಿದ್ದ ಬೆಲ್ಲದಂತೆ ನಾಲ್ಕು ದಿನದಲ್ಲಿ ಕರಗಿಹೋಯಿತು. ಎರಡನೆಯದರಲ್ಲಿ ಹೊಳೆಯ ಕಲ್ಲಿನಂತೆ ಕೂತಿತು, ಒಂದು ತೊಟ್ಟೂ ಒಳಕ್ಕೆ ಎಳೆದುಕೊಳ್ಳಲಿಲ್ಲ. ಮೂರನೆಯದು ಹರಳೆಣ್ಣೆಯಷ್ಟು ಮಂದ. ಅದರಲ್ಲಿ ಮಾತ್ರ ಪದರ ನೆನೆಹಾಕಿದ ಕಡಲೆಯಂತೆ ಉಬ್ಬಿ ಅಷ್ಟಕ್ಕೇ ನಿಂತಿತು. ಅದನ್ನು ಹಾಕಿದ ಸೆಲ್ಲಿಗೆ ನೂರು ತುಂಬಿ, ಒಂದೇ ನಿಮಿಷದಲ್ಲಿ ವಾಪಸ್ಸು ಕೇಳಿದರೆ ತೊಂಬತ್ತೊಂದು ಕೊಡುತ್ತಿತ್ತು.

ಒಂದು ನಿಮಿಷ ಎಂಬುದೇ ಮುಖ್ಯ. ಕರೆಂಟು ಹೋಗಿ ನಡುವೆ ನಿಂತ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಸುವ ಒಂದು ಸಲಕರಣೆಗೆ ಈ ಬ್ಯಾಟರಿ ಬೇಕಾಗಿತ್ತು. ನಿಧಾನವಾಗಿ ಕೊಡುತ್ತೇನೆ ಎನ್ನುವ ಬ್ಯಾಟರಿಯಿಂದ ಒಳಗೆ ಸಿಕ್ಕಿಕೊಂಡವರಿಗೆ ಏನು ಪ್ರಯೋಜನ? ಮೂರು ತಿಂಗಳು ಸತತವಾಗಿ ತೊಂಬತ್ತೊಂದು, ತೊಂಬತ್ತು, ಎಂಬತ್ತೊಂಬತ್ತು ಬಂದದ್ದನ್ನು ಅಮೃತೇಶ ವರದಿ ಬರೆದು ತನ್ನ ಹೆಸರು ಹಾಕಿದ. ಅದಾದ ಎರಡನೆಯ ವಾರಕ್ಕೆ ಸಂಖ್ಯೆ ಬಿತ್ತು. ವಿಚಿತ್ರವೆಂದರೆ, ಅದೇ ಸೆಲ್ಲುಗಳನ್ನು ಒಂದು ಗಂಟೆ ಕೊಟ್ಟು ನಿಧಾನವಾಗಿ ಕೇಳಿದರೆ ನೂರಕ್ಕೆ ನೂರೂ ಬರುತ್ತಿತ್ತು. ಇದ್ದದ್ದೆಲ್ಲ ಒಳಗೇ ಇತ್ತು. ಅವಸರಕ್ಕೆ ಒದಗುತ್ತಿರಲಿಲ್ಲ.

ವನಜಾಕ್ಷಿ ಪರದೆಯ ಮೇಲಿನ ಮೂವತ್ತಮೂರನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು.

"ಗುರುವಾರ ಲಿಫ್ಟಿನವರು ಬರ್ತಾರೆ. ಆರು ಸೆಲ್ ಅವರ ಕಣ್ಣೆದುರಿಗೇ ಟೆಸ್ಟ್ ಆಗ್ಬೇಕು. ನಿಮ್ಮ ರಿಪೋರ್ಟಲ್ಲಿ ತೊಂಬತ್ತೊಂದು ಅಂತಿದೆ. ಎಂಬತ್ತು ಬಂದ್ರೂ ನಾನು ಹೇಗೋ ಮಾತಾಡ್ತೀನಿ. ಇದು ಬಂದ್ರೆ ರಿಪೋರ್ಟ್ ವಾಪಸ್ ತಗೋಬೇಕು."

"ಹೂಂ ಮೇಡಂ."

"ವಾಪಸ್ ತಗೊಂಡ್ರೆ ಯಾಕೆ ಅಂತ ಒಂದು ಸಾಲು ಬರೀಬೇಕು, ಅಮೃತೇಶ್. ಆ ಸಾಲಿಗೆ ನನ್ನ ಹತ್ರ ಈಗ ಒಂದೇ ಪದ ಇದೆ."

ಆ ಪದವನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಇಲ್ಲದ ಸಂಖ್ಯೆಯನ್ನು ಕೂತಲ್ಲೇ ಹುಟ್ಟಿಸಿದವನು ಎಂದು ಒಮ್ಮೆ ಹೆಸರಾದರೆ ಇನ್ನಾವ ಪ್ರಯೋಗಾಲಯದ ಬಾಗಿಲೂ ಅವನಿಗೆ ತೆರೆಯುವುದಿಲ್ಲ.

"ನೀವು ಅಂಥವರಲ್ಲ ಅಂತ ನಂಗೆ ಗೊತ್ತು. ಆದ್ರೆ ನಂಗೆ ಗೊತ್ತಿರೋದನ್ನ ಯಂತ್ರ ಕೇಳಲ್ವಲ್ಲ" ಎಂದು ಎದ್ದುಹೋದರು.

ಅಮೃತೇಶ ದಾಖಲೆಯ ಪುಸ್ತಕ ತೆರೆದು ಮತ್ತೊಮ್ಮೆ ನೋಡಿದ. ನೋಡದೆ ಬಿಟ್ಟದ್ದು ಏನೂ ಉಳಿದಿರಲಿಲ್ಲ. ಹೊಸ ಬಾಟಲಿ ತರಿಸಿದ್ದ, ಉಪ್ಪನ್ನು ಮತ್ತೆ ಒಣಗಿಸಿದ್ದ, ಪ್ರೆಸ್ಸಿನ ಒತ್ತಡ ಅಳೆದಿದ್ದ. ಒಳ್ಳೆಯ ಸಂಖ್ಯೆಗಳೆಲ್ಲ ಒಂದು ತಾರೀಖಿನವರೆಗೆ, ಕೆಟ್ಟವೆಲ್ಲ ಅಲ್ಲಿಂದಾಚೆಗೆ. ಆ ತಾರೀಖಿಗೆ ಹುಚ್ಚಯ್ಯನ ಹೆಂಡತಿ ರಾಚಮ್ಮ ತೀರಿಕೊಂಡಿದ್ದಳು. ಅವತ್ತು ಹೋದ ಹುಚ್ಚಯ್ಯ ತಿರುಗಿ ಬಂದಿರಲಿಲ್ಲ, ಸೆಲ್ಲುಗಳನ್ನು ಅಮೃತೇಶನೇ ಸೀಲ್ ಮಾಡುತ್ತಿದ್ದ. 'ಅದು ಹುಚ್ಚಯ್ಯನ ಕೈಗುಣ' ಎಂದು ವನಜಾಕ್ಷಿ ಮೊದಲ ವಾರ ನಕ್ಕಿದ್ದರು. ಎರಡನೆಯ ವಾರ ನಗಲಿಲ್ಲ.

ಹೋಗಿ ಕೇಳಬೇಕು ಎಂದು ಎಷ್ಟು ಸಲ ಅಂದುಕೊಂಡನೋ. ಹೋಗದೆ ಇದ್ದದ್ದಕ್ಕೆ ಕಾರಣ ಇಷ್ಟೆ: ಅವನು ಮಣ್ಣಿಗೆ ಹೋಗಿರಲಿಲ್ಲ. ಹನ್ನೊಂದನೆಯ ದಿನದ ತಿಥಿಗೂ ಹೋಗಿರಲಿಲ್ಲ. ಆ ಎರಡು ದಿನವೂ ಅವನು ಯಂತ್ರದ ಮುಂದೆ ಸಂಖ್ಯೆ ನೋಡುತ್ತ ಕೂತಿದ್ದ. ಸಾವಿಗೆ ಹೋಗದವನು ಸ್ವಂತ ಕೆಲಸಕ್ಕೆ ಯಾವ ಮುಖ ಹೊತ್ತು ಹೋಗುವುದು?

ಆದರೆ ಆ ಸೋಮವಾರ ಮುಖದ ಯೋಚನೆಯೂ ಉಳಿದಿರಲಿಲ್ಲ. ನಾಲ್ಕೂವರೆಯ ಬಸ್ಸು ಹತ್ತಿದ.

ತಿ. ನರಸೀಪುರದ ಬಸ್ ನಿಲ್ದಾಣದಿಂದ ತಿರುಮಕೂಡಲು ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಗೆ ಇಳಿಯುವ ಓಣಿಯೊಂದರ ಕೊನೆಯಲ್ಲಿ ಹುಚ್ಚಯ್ಯನ ಮನೆ. ಅಮೃತೇಶ ತಲುಪುವ ಹೊತ್ತಿಗೆ ಬಿಸಿಲು ಮಾಡಿನ ಹೆಂಚಿನಿಂದ ಇಳಿದುಹೋಗಿತ್ತು. ಮನೆಯ ಮುಂದೆ ಗೂಡ್ಸ್ ಆಟೋ ಒರೆಸುತ್ತಿದ್ದವನು ಹುಚ್ಚಯ್ಯನ ಮಗ ಶಿವು.

"ಯಾರ್ ಬೇಕಿತ್ತು?"

"ಹುಚ್ಚಯ್ಯಣ್ಣ ಇದಾರಾ? ನಂಜನಗೂಡಿನ ಲ್ಯಾಬಿಂದ ಬಂದೆ."

"ಓ, ಲ್ಯಾಬು!" ಶಿವು ಬಟ್ಟೆ ಹಿಂಡಿ ಕೊಡವಿದ. "ಮಣ್ಣಿಗ್ ಬರ್ಲಿಲ್ಲ, ತಿಥಿಗ್ ಬರ್ಲಿಲ್ಲ. ಏನ್ ಸಾ, ನಂಜನಗೂಡಿಂದ ಇಲ್ಗೆ ಬಸ್ಸು ತಿಂಗ್ಳಿಗೊಂದೇಯಾ?"

ಅಮೃತೇಶನಿಗೆ ನಾಚಿಕೆಯಾಗಬೇಕಿತ್ತು. ಆಗಬೇಕಿತ್ತು ಎಂಬುದು ತಿಳಿಯಿತೇ ಹೊರತು ಆಗಲಿಲ್ಲ.

ಒಳಗೆ ಹುಚ್ಚಯ್ಯ ಕಂಬಕ್ಕೆ ಒರಗಿ ಕೂತಿದ್ದ. ತಿಥಿಯಲ್ಲಿ ಬೋಳಿಸಿದ ತಲೆಯ ಮೇಲೆ ಬೆಳ್ಳಗೆ ಕೂದಲು ಮೊಳೆಯುತ್ತಿತ್ತು. ಐವತ್ತೆಂಟು ವರ್ಷದ ಮನುಷ್ಯ, ಒಂದೇ ತಿಂಗಳಲ್ಲಿ ಅಂಗಿ ದೊಡ್ಡದಾಗಿತ್ತು.

"ಬನ್ನಿ ಸಾ. ಕುಂತ್ಕಳಿ" ಎಂದ. ಬಂದದ್ದಕ್ಕೆ ಸಂತೋಷವೂ ಇಲ್ಲ, ತಡವಾಗಿ ಬಂದದ್ದಕ್ಕೆ ಸಿಟ್ಟೂ ಇಲ್ಲ.

ಅಮೃತೇಶ ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಸಮಾಧಾನದ ಮಾತುಗಳೆಲ್ಲ ಹೊಸಿಲಲ್ಲೇ ಉಳಿದು, ಕಡೆಗೆ ಹೇಳಬೇಕೆಂದಿದ್ದದ್ದೇ ಮೊದಲು ಬಾಯಿಗೆ ಬಂತು.

"ಹುಚ್ಚಯ್ಯಣ್ಣ, ಮೂರನೇ ಲಿಕ್ವಿಡ್ಡಿನ ಸೆಲ್ಲಿಗೆ ನೀವು ಏನು ಮಾಡ್ತಿದ್ರಿ? ನೀವು ಬಿಟ್ಟ ಮೇಲೆ ಒಂದೂ ನಿಲ್ತಿಲ್ಲ. ಗುರುವಾರದೊಳಗೆ ಗೊತ್ತಾಗ್ಬೇಕು. ನನ್ನ ಹೆಸರು ಹೋಗುತ್ತೆ."

ಬಾಗಿಲಲ್ಲಿ ನಿಂತಿದ್ದ ಶಿವು ಗಟ್ಟಿಯಾಗಿ ನಕ್ಕುಬಿಟ್ಟ. "ಕೇಳ್ದ್ಯಾ ಅಪ್ಪಾ? ನಮ್ಮವ್ವ ಓಗಿದ್ದು ಇವ್ರಿಗೆ ಲೆಕ್ಕಕ್ಕಿಲ್ಲ. ಇವ್ರ ಬ್ಯಾಟ್ರಿ ಓಗಿದ್ದೇ ಓಗಿದ್ದು."

"ಸುಮ್ಕಿರ್ಲಾ" ಎಂದ ಹುಚ್ಚಯ್ಯ, ಅವನ ಕಡೆ ತಿರುಗದೆ. ಅವನ ಕಣ್ಣು ಗೋಡೆಯ ಗೂಡಿನತ್ತ ಇತ್ತು. ಅಲ್ಲಿ ಆಗತಾನೆ ಹಚ್ಚಿದ ದೀಪ ಇನ್ನೂ ಅಲುಗುತ್ತಿತ್ತು. "ದೀಪ ಅಚ್ಚಾಯ್ತಲ್ಲ ಸಾ. ಈಗ ಆ ಮಾತು ಬ್ಯಾಡ. ಬೆಳಗ್ಗೆ ಬನ್ನಿ."

"ಏನು ಅಂತ ಒಂದು ಮಾತು ಹೇಳಿಬಿಡಿ, ಅಣ್ಣ."

"ಬೆಳಗ್ಗೆ ಬನ್ನಿ ಸಾ."

ಅಷ್ಟೆ. ಇನ್ನೊಂದು ಸಲ ಕೇಳಿದ್ದಕ್ಕೆ ಹುಚ್ಚಯ್ಯ ಎದ್ದು ದೀಪದ ಬತ್ತಿ ಸರಿಮಾಡಿದ.

ಹೆಮ್ಮರಗಾಲದ ತನ್ನ ಮನೆಗೆ ಬಂದಾಗ ತಾಯಿ ಪುಟ್ಟಬಸಮ್ಮ ಮುದ್ದೆ ತಿರುವುತ್ತಿದ್ದಳು. ಮಗ ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದು ಈಚೆಗೆ ಅವಳಿಗೂ ಅಭ್ಯಾಸವಾಗಿತ್ತು.

"ಅವ್ವಾ, ದೀಪ ಹಚ್ಚಿದ ಮೇಲೆ ಏನೇನು ಕೊಡಬಾರದು?"

"ಯಾರಿಗೆ?"

"ಹೊರಗಿನವರಿಗೆ."

"ಸೂಜಿ ಕೊಡಬಾರ್ದು. ಸುಣ್ಣ ಕೊಡಬಾರ್ದು. ಉಪ್ಪು ಕೊಡಬಾರ್ದು. ಹಾಲಿಗೆ ಹೆಪ್ಪು ಕೊಡಬಾರ್ದು. ಯಾಕ್ಲಾ, ಯಾರಾರ ಕೇಳ್ಕೊಂಡು ಬಂದಿದ್ರಾ?"

"ಇಲ್ಲ. ನಾನೇ ಕೇಳ್ಕೊಂಡು ಹೋಗಿದ್ದೆ. ಹುಚ್ಚಯ್ಯಣ್ಣನ ಮನೆಗೆ."

"ಏನ ಕೇಳೋಕೆ?"

"ಅದೇ ಗೊತ್ತಿಲ್ಲ."

ಪುಟ್ಟಬಸಮ್ಮ ಮುದ್ದೆಯ ಕೋಲು ಕೆಳಗಿಟ್ಟಳು. "ಹೆಂಡ್ತಿ ಹೋದವನ ಮನೆಗೆ ಹೋಗಿ, ನಿಂತ್ಕೊಂಡೇ ಕೇಳಿದ್ಯಾ?"

ಅವನು ತಟ್ಟೆಯ ಅಂಚು ಸವರಿದ. ಅವಳಿಗೆ ಅದೇ ಸಾಕಾಯಿತು.

"ಸಾವಿನ ಮನೆಗೆ ಹೋದ್ರೆ ಕೂತ್ಕೋಬೇಕು ಕಣಪ್ಪ. ನಾವಾಗಿ ಬಾಯಿ ಬಿಡಬಾರ್ದು. ಅವರಾಗಿ ಮಾತಾಡೋಗಂಟ ಕೂತಿರ್ಬೇಕು. ಇದನ್ನೂ ಕಾಲೇಜಲ್ಲಿ ಹೇಳಿಕೊಡ್ಬೇಕಾಗಿತ್ತಾ?"

ಅವಳು ಹೇಳಿದ ನಾಲ್ಕರಲ್ಲಿ ಅಮೃತೇಶ ಹಿಡಿದುಕೊಂಡದ್ದು ಉಪ್ಪನ್ನು. ಎಲೆಕ್ಟ್ರೋಲೈಟಿನಲ್ಲಿ ಇರುವುದೇ ಉಪ್ಪು. ಹುಚ್ಚಯ್ಯ ಏನಾದರೂ ತನಗೆ ತೋಚಿದ್ದನ್ನು ಅದಕ್ಕೆ ಬೆರೆಸಿದ್ದನೆ? ಬೆರೆಸಿದ್ದರೆ ಮೂರು ತಿಂಗಳ ಒಂದು ಸಂಖ್ಯೆಯೂ ಸಂಖ್ಯೆಯಲ್ಲ. ಸುಳ್ಳು ಹೇಳಿದವನಲ್ಲದಿದ್ದರೂ ಕಲಬೆರಕೆಯನ್ನು ಕಂಡುಹಿಡಿಯಲಾರದ ದಡ್ಡ ಎಂದಾಗುತ್ತದೆ. ಇಷ್ಟೆಲ್ಲ ಯೋಚಿಸಿಯೂ ಅವನಿಗೆ ನಿದ್ದೆ ಬಂತು. ಅದೂ ಒಂದು ತಿಂಗಳಿಂದ ಹಾಗೇ. ಕಲ್ಲು ಹಾಕಿದಂಥ ನಿದ್ದೆ.

ಮಂಗಳವಾರ ಅವನು ಹೋದಾಗ ಶಿವು ಆಟೋ ಹೊರಡಿಸುತ್ತಿದ್ದ. "ಇವತ್ತೂ ಬಂದ್ರಾ? ಬಸ್ ಪಾಸ್ ಮಾಡಿಸ್ಕಬುಡಿ ಸಾ, ಉಳೀತದೆ" ಎಂದು ಕೂಗಿ ಹೋದ.

ಅಮೃತೇಶ ಹುಚ್ಚಯ್ಯನ ಎದುರು ಗೋಡೆಗೆ ಒರಗಿ ಕೂತ. ಏನನ್ನೂ ಕೇಳಲಿಲ್ಲ. ಹುಚ್ಚಯ್ಯನೂ ಏನನ್ನೂ ಹೇಳಲಿಲ್ಲ. ಹಿತ್ತಲಲ್ಲಿ ಹಸು ಗೊಂತಿಗೆ ಕೊಂಬು ಉಜ್ಜುವ ಸದ್ದು. ಒಬ್ಬಳು ಹೆಂಗಸು ಬಂದು ಬಾಗಿಲಲ್ಲಿ ಇಣುಕಿ, ಇಬ್ಬರನ್ನೂ ನೋಡಿ ಹೋದಳು. ಒಲೆಯ ಪಕ್ಕದ ಗೂಟಕ್ಕೆ ಒಂದು ಮಣ್ಣಿನ ಗಡಿಗೆಯನ್ನು ಬೋರಲಾಗಿ ಸಿಕ್ಕಿಸಿದ್ದರು. ಅಮೃತೇಶ ಅದನ್ನು ನೋಡುತ್ತ ಕೂತ. ಅರ್ಧ ಗಂಟೆಯಾಯಿತೋ, ಇನ್ನೂ ಹೆಚ್ಚಾಯಿತೋ. ಮಾತಾಡಬೇಕೆಂಬ ತವಕ ಮೊದಮೊದಲು ಕಾಡುತ್ತಿತ್ತು, ಆಮೇಲೆ ಅದೂ ನಿಂತಿತು. ಒಂದು ತಿಂಗಳಲ್ಲಿ ಇನ್ನೊಬ್ಬರ ಜೊತೆ ಇಷ್ಟು ಹೊತ್ತು ಹೀಗೆ ಸುಮ್ಮನೆ ಕೂತದ್ದು ಇದೇ ಮೊದಲು ಎಂದುಕೊಂಡ.

"ಮನೇಲಿ ಮೊಸ್ರಾಗಿ ತಿಂಗ್ಳಾಯ್ತು ಸಾ" ಎಂದ ಹುಚ್ಚಯ್ಯ, ಅವನೂ ಆ ಗಡಿಗೆಯನ್ನೇ ನೋಡುತ್ತ. "ಕರೆದ ಆಲೆಲ್ಲ ಡೈರಿಗೆ ಓಯ್ತದೆ."

ಅಮೃತೇಶ ತಲೆಯಾಡಿಸಿದ.

"ಎದೆ ನೋವು ಅಂದ್ಲು. ಆಸ್ಪತ್ರೆಗ್ ಒಂಟಿದ್ದೋಳು ಬಾಗ್ಲಿಂದ ತಿರುಗಿ ಬಂದು, ಆಲು ಆರೋಯ್ತದೆ ಅಂತ ಎಪ್ಪಾಕಿ, ಬಟ್ಟೆ ಕಟ್ಟಿ, ಒಲೆ ಮಗ್ಗುಲಲ್ಲಿ ಇಟ್ಟು ಬಂದ್ಲು. ಅವ್ಳು ತಿರುಗಿ ಬರ್ಲಿಲ್ಲ. ಮಣ್ಣು ಮಾಡ್ಬಂದು ನೋಡಿದ್ರೆ, ಗಡ್ಡೆ ಮೊಸ್ರು. ಒಂದ್ ಬಿರುಕಿಲ್ಲ." ಹುಚ್ಚಯ್ಯ ಅಂಗೈಯನ್ನು ಮಟ್ಟಸವಾಗಿ ಹಿಡಿದು ತೋರಿಸಿದ. "ಅದ್ನ ಏನ್ ಮಾಡ್ಲಿ? ಕಲಗಚ್ಚಿಗ್ ಉಯ್ದೆ. ಗಡಿಗೆ ತೊಳ್ದು ನೇತಾಕ್ದೆ. ಕಣ್ಣಲ್ ಒಂದ್ ತೊಟ್ಟು ನೀರ್ ಬರ್ಲಿಲ್ಲ ಸಾ. ಜನ ಏನಂದ್ಕಂಡ್ರೋ."

ಹಸು ಒಮ್ಮೆ ಕೂಗಿತು.

"ಸೆಲ್ಲಿಗೂ ಅಂಗೇಯಾ ಸಾ" ಎಂದ ಹುಚ್ಚಯ್ಯ.

"ಏನು?"

"ಮೂರ್ನೇದು ಮಂದ. ಒಳೀಕ್ ಇಳ್ಯಕಿಲ್ಲ. ಬಾಟ್ಲಿ ಅಲ್ಲಾಡ್ಸಿದ್ರೇ ಗೊತ್ತಾಯ್ತದಲ್ಲ. ತಣ್ಣಗಿರೋ ಆಲಿಗೆ ಎಪ್ಪಾಕಿದ್ರೆ ಎಲ್ಲಾರ ಮೊಸ್ರಾಯ್ತದಾ? ಅದ್ಕೆ ಸಂಜೆ ನೀವೆಲ್ಲ ಓದ್ ಮ್ಯಾಲೆ ಟ್ರೇನ ಬಟ್ಟೇಲಿ ಕಟ್ಟಿ, ಆ ಓವನ್ ತಲೆ ಮ್ಯಾಲೆ ಇಡ್ತಿದ್ದೆ. ಅಲ್ಲಿ ಬೆಚ್ಗಿರ್ತದೆ. ಬೆಳಗ್ಗೆ ನೀವ್ ಬರೋವೊತ್ಗೆ ತೆಗ್ದು ರ‍್ಯಾಕಲ್ಲಿ ಇಡೋನು."

ಪದರಗಳನ್ನು ಒಣಗಿಸುವ ಓವನ್ನು ಹಗಲೂ ರಾತ್ರಿ ಉರಿಯುತ್ತಿರುತ್ತಿತ್ತು. ಅದರ ನೆತ್ತಿ ಬೆಚ್ಚಗಿರುವುದು ಅಮೃತೇಶನಿಗೂ ಗೊತ್ತು. ಮಳೆಗಾಲದಲ್ಲಿ ಕರವಸ್ತ್ರ ಒಣಗಿಸಿದ್ದ. ಸೀಲ್ ಮಾಡಿದ ಸೆಲ್ಲನ್ನು ಹನ್ನೆರಡು ಗಂಟೆ ಬಿಡಬೇಕು ಎಂದು ವಿಧಾನದಲ್ಲಿ ಬರೆದವನು ಅವನೇ. ಎಲ್ಲಿ ಬಿಡಬೇಕು, ಎಷ್ಟು ಬಿಸಿಯಲ್ಲಿ ಬಿಡಬೇಕು ಎಂದು ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೂ ಇರಲಿಲ್ಲ.

"ಮಿಕ್ಕ ಎರಡು ಲಿಕ್ವಿಡ್ಡಿನವು?"

"ಎಲ್ಲಾನೂ ಇಡ್ತಿದ್ದೆ ಸಾ. ಒಂದಕ್ಕೊಂಥರ, ಒಂದಕ್ಕೊಂಥರ ಮಾಡೋಕಾಯ್ತದಾ?"

ಹಾಗಾದರೆ ಹೋಲಿಕೆ ಸರಿಯಾಗಿಯೇ ಇತ್ತು. ಮೂರಕ್ಕೂ ಒಂದೇ ಶಾಖ. ಆ ಶಾಖಕ್ಕೆ ಒಂದು ಕರಗಿತು, ಒಂದು ಕದಲಲಿಲ್ಲ, ಮೂರನೆಯದು ಒಳಗಿಳಿದು ದಾರಿ ಮಾಡಿತು.

"ಯಾಕೆ ಹೇಳ್ಲಿಲ್ಲ, ಅಣ್ಣ?"

"ಎಪ್ಪಾಕಿದೀನಿ ಅಂತ ಯಾರಾರ ಏಳ್ಕಂಡ್ ತಿರುಗ್ತಾರಾ? ಬೆಳಗ್ಗೆ ಮೊಸ್ರಾಗಿದ್ರೆ ಆಯ್ತು." ಆಮೇಲೆ ದನಿ ತಗ್ಗಿಸಿದ. "ಅಲ್ದೆ, ಸೀಲ್ ಆದ ಸೆಲ್ಲ ಯಾರೂ ಮುಟ್ಟಬಾರ್ದು ಅಂತ ನೀವೇ ಬರ್ದು ಗೋಡೆಗೆ ಅಂಟ್ಸಿದ್ರಲ್ಲ ಸಾ."

ಹೌದು. ಕೆಂಪು ಅಕ್ಷರದಲ್ಲಿ. ಬರೆದವನ ಕೈ ಇಲ್ಲೇ ಮಡಿಲಲ್ಲಿತ್ತು.

"ಎಷ್ಟು ಬಿಸಿ ಇರ್ಬೇಕು?"

ಹುಚ್ಚಯ್ಯ ಬಾಯಲ್ಲಿ ಹೇಳಲು ಹೊರಟು ನಿಲ್ಲಿಸಿದ. ಕಂಬ ಹಿಡಿದು ಎದ್ದ. ಡೈರಿಗೆಂದು ತೆಗೆದಿಟ್ಟಿದ್ದ ಹಾಲಿನಲ್ಲಿ ಒಂದು ಚೊಂಬು ಬಗ್ಗಿಸಿ ಒಲೆಯ ಮೇಲಿಟ್ಟ. ಕಾಯಿಸಿ, ಆರಿಸಿ, ಕಿರುಬೆರಳು ಅದ್ದಿ ನೋಡಿ, ಇನ್ನೂ ಆರಿಸಿದ. ಪಕ್ಕದ ಮನೆಯಿಂದ ಒಂದು ಲೋಟದ ತಳದಲ್ಲಿ ಹೆಪ್ಪು ತಂದ. ಗೂಟದಿಂದ ಗಡಿಗೆ ಇಳಿಸಿದ. ಇಳಿಸುವಾಗ ಮಾತ್ರ ಅವನ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಹಾಲು ಹುಯ್ದು, ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಸುತ್ತಿ, ಎರಡು ತುದಿಯನ್ನು ಮೊಲದ ಕಿವಿಯ ಹಾಗೆ ಮೇಲೆ ಬಿಟ್ಟು ಗಂಟು ಹಾಕಿದ.

"ಕೈ ಕೊಡಿ ಸಾ." ಅಮೃತೇಶನ ಮುಂಗೈಯ ಒಳಮಗ್ಗುಲನ್ನು ಗಡಿಗೆಯ ಹೊಟ್ಟೆಗೆ ಒತ್ತಿ ಹಿಡಿದ. "ಸುಡಬಾರ್ದು.‌ ಬರೀ ಬೆಚ್ಗಿದ್ರೂ ಸಾಲ್ದು. ಇದು. ಗೊತ್ತಾಯ್ತಾ? ಇಟ್ ಮ್ಯಾಲೆ ಅಲ್ಲಾಡ್ಸಬಾರ್ದು, ಬಗ್ಗಿ ನೋಡಬಾರ್ದು. ನಾನು ಒಂದೊಂದ್ಸಲ ಬಟ್ಟೆ ಸರ್ಸಿ ನೋಡ್ತಿದ್ದೆ. ಬಯ್ಯೋಳು. ನಿನ್ನೆ ದೀಪ ಅಚ್ಚಿದ್ ಮ್ಯಾಲೆ ಎಪ್ಪಿನ ಮಾತ್ ಎತ್ತಿದ್ರೆ ಅದ್ಕೂ ಬಯ್ಯೋಳು."

ಶಾಖ ಮುಂಗೈಯಲ್ಲಿ ನಿಧಾನವಾಗಿ ಇಳಿಯಿತು. ಅಮೃತೇಶ ಅದನ್ನು ನೆನಪಿಟ್ಟುಕೊಳ್ಳಲು ಕಣ್ಣು ಮುಚ್ಚಿದ.

ಹೊರಡುವಾಗ ಹುಚ್ಚಯ್ಯ ತಾನಾಗಿಯೇ ಅಂದ: "ಬರ್ಕಳಿ ಸಾ. ಮುಟ್ಟಿದ್ದು ಉಚ್ಚಯ್ಯ ಅಂತ್ಲೇ ಬರ್ಕಳಿ. ಕೆಲ್ಸ ಓದ್ರೆ ಓಗ್ಲಿ. ಇನ್ನ ಯಾವ್ದಾದ್ರೇನು?"

ಬಸ್ಸಿನಲ್ಲಿ ಅಮೃತೇಶನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಮಾತೇ. ಒಪ್ಪಿಗೆ ಸಿಕ್ಕಿತ್ತು. ಅದನ್ನು ಬರೆದರೆ ತನ್ನ ಹೆಸರು ಉಳಿಯುತ್ತಿತ್ತು. ಆದರೆ ಆ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತನಾಲ್ಕೋ ಮೂವತ್ತಮೂರೋ, ಯಾವುದಾದರೇನು ಎನ್ನುವ ದನಿ. ಒಂದು ತಿಂಗಳಿಂದ ಅದು ಅವನದೂ ಆಗಿತ್ತು.

ಸಂಜೆ ಆರು ಸೆಲ್ಲುಗಳನ್ನು ಸೀಲ್ ಮಾಡಿದ. ಓವನ್ನಿನ ಹಿಂದಿನ ಮೊಳೆಯಲ್ಲಿ ಬದನವಾಳಿನ ಖಾದಿ ಚೌಕ ನೇತಾಡುತ್ತಿತ್ತು. ದಿನಾ ನೋಡುತ್ತಿದ್ದ ಬಟ್ಟೆ, ಒರೆಸಲು ಇಟ್ಟದ್ದೆಂದು ತಿಳಿದಿದ್ದ. ಟ್ರೇಯನ್ನು ಅದರಲ್ಲಿ ಕಟ್ಟಿದ. ಓವನ್ನಿನ ನೆತ್ತಿಯ ಮೇಲೆ ಮುಂಗೈ ಇಟ್ಟು ಇಟ್ಟು ನೋಡಿ, ಬೆಳಗಿನ ಶಾಖ ಸಿಕ್ಕ ಜಾಗದಲ್ಲಿ ನಿಲ್ಲಿಸಿದ. ಆಮೇಲೆ ಥರ್ಮಾಮೀಟರ್ ಇಟ್ಟ. ನಲವತ್ತಾರು ಡಿಗ್ರಿ.

ಬುಧವಾರ ಬೆಳಿಗ್ಗೆ ವನಜಾಕ್ಷಿ ಬರುವ ಹೊತ್ತಿಗೆ ಟ್ರೇ ಇನ್ನೂ ಮೇಲೆಯೇ ಇತ್ತು. ಅವರ ಮುಂದೆಯೇ ಬಿಚ್ಚಿ, ಎರಡು ಸೆಲ್ಲುಗಳನ್ನು ಯಂತ್ರಕ್ಕೆ ಹಾಕಿದ. ನೂರು ತುಂಬಿತು. ಒಂದು ನಿಮಿಷ. ಎಂಬತ್ತೆಂಟು. ಇನ್ನೊಂದು, ತೊಂಬತ್ತು.

ಇಬ್ಬರೂ ಪರದೆಯನ್ನೇ ನೋಡುತ್ತ ನಿಂತರು. ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದು ಅಮೃತೇಶ ಕಾದ. ಇಳಿಯಲಿಲ್ಲ. ಒಂದು ಸಂಖ್ಯೆಯ ಜಾಗಕ್ಕೆ ಇನ್ನೊಂದು ಸಂಖ್ಯೆ ಬಂದಿತ್ತು.

"ಬೆಚ್ಚಗೆ ಇಡ್ಬೇಕಾಗಿತ್ತು" ಎಂದ. "ಮೊದಲಿನ ಸೆಲ್ಲುಗಳನ್ನೂ ಹೀಗೇ ಇಟ್ಟಿದ್ದು."

"ಯಾರು ಇಟ್ಟಿದ್ದು?"

ನಾನು ಎಂದರೆ ಮುಗಿಯುತ್ತಿತ್ತು. ಸುಳ್ಳುಗಾರ ಎನ್ನುವ ಹೆಸರಿನಿಂದ ಪಾರಾಗಲು ಒಂದೇ ಒಂದು ಸುಳ್ಳು. "ನಾನು ಬರೆದಿರಲಿಲ್ಲ" ಎಂದ.

"ನಾನು ಅದನ್ನ ಕೇಳ್ಲಿಲ್ಲ, ಅಮೃತೇಶ್."

ವನಜಾಕ್ಷಿ ಮೇಜಿನ ಮೇಲೆ ಬಿದ್ದಿದ್ದ ಖಾದಿ ಚೌಕವನ್ನು ಎತ್ತಿಕೊಂಡರು. ಎರಡು ತುದಿಗಳಲ್ಲಿ ಗಂಟಿನ ಸುಕ್ಕು ತಿಂಗಳುಗಟ್ಟಲೆ ಕೂತು ಗಟ್ಟಿಯಾಗಿತ್ತು. ಅದನ್ನು ಬೆರಳಲ್ಲಿ ಸವರಿದರು. "ನಮ್ಮಜ್ಜಿ ಮೊಸರಿನ ಗಡಿಗೆಗೆ ಹೀಗೇ ಕಟ್ಟೋರು" ಎಂದರು. ಅದನ್ನು ಮಡಚಿಟ್ಟು ಕೇಳಿದರು: "ಹೆಸರು ಹಾಕೋಕೆ ಒಪ್ಪಿದಾರಾ?"

"ಒಪ್ಪಿದಾರೆ. ಆದ್ರೆ ಈಗ ಅವರನ್ನ ಏನು ಕೇಳಿದ್ರೂ ಒಪ್ತಾರೆ, ಮೇಡಂ."

ಅವರು ಅವನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ದಾಖಲೆಯ ಪುಸ್ತಕ ಎಳೆದುಕೊಂಡು ವಿಧಾನದ ಹೊಸ ಹಾಳೆ ತೆಗೆದರು. ಬಟ್ಟೆಯಲ್ಲಿ ಕಟ್ಟಿ, ನಲವತ್ತಾರು ಡಿಗ್ರಿಯಲ್ಲಿ, ಹನ್ನೆರಡು ಗಂಟೆ. ಹಂತ ಸೇರಿಸಿದವರು ಎಂಬ ಕಡೆಗೆ ಬಂದಾಗ ಪೆನ್ನು ಎತ್ತಿದರು.

"ಇದು ಖಾಲಿ ಇರ್ಲಿ. ಅವರು ಬಂದ ಮೇಲೆ ಅವರೇ ಬರೀಲಿ, ಬೇಡ ಅನ್ಸಿದ್ರೆ ಬಿಡ್ಲಿ. ಹಳೇ ರಿಪೋರ್ಟನ್ನಂತೂ ವಾಪಸ್ ತಗೋಬೇಕು. ವಿಧಾನ ಪೂರ್ತಿ ದಾಖಲಾಗಿಲ್ಲ ಅಂತ ಬರೀತೀನಿ. ಅದರ ಕೆಳಗೆ ನಿಮ್ಮ ಹೆಸರಿರುತ್ತೆ."

"ಇರ್ಲಿ ಮೇಡಂ. ಅದು ನಿಜವೇ."

ಗುರುವಾರ ಲಿಫ್ಟಿನವರ ಎದುರಿಗೆ ಆರು ಸೆಲ್ಲುಗಳಲ್ಲಿ ಒಂದೂ ಎಂಬತ್ತೇಳಕ್ಕಿಂತ ಕೆಳಗಿಳಿಯಲಿಲ್ಲ. ಅವರು ಕಾಫಿ ಕುಡಿದು, ಶೆಡ್ಡಿನ ಮುಂದಿನ ಸಂಪಿಗೆ ಮರದ ಕೆಳಗೆ ನಿಂತು ಫೋನಿನಲ್ಲಿ ಮಾತಾಡಿ, ಹೊಸ ವರದಿ ಬಂದ ಮೇಲೆ ನೋಡೋಣ ಎಂದು ಹೋದರು.

ಮುಂದಿನ ಸೋಮವಾರ ಅಮೃತೇಶ ಬಂದಾಗ ಶೆಡ್ಡಿನ ಬೀಗ ಆಗಲೇ ತೆಗೆದಿತ್ತು. ಹುಚ್ಚಯ್ಯ ಪ್ರೆಸ್ಸಿಗೆ ಎಣ್ಣೆ ಬಿಡುತ್ತಿದ್ದ. ಮೇಜಿನ ಮೇಲೆ ಸ್ಟೀಲಿನ ಡಬ್ಬಿಯೊಂದು ಇತ್ತು, ಮುಚ್ಚಳದ ಅಂಚಿನಲ್ಲಿ ಮೊಸರು ಒಸರಿತ್ತು.

ವನಜಾಕ್ಷಿ ಹಾಳೆಯನ್ನು ಅವನ ಮುಂದಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದರು. ಹುಚ್ಚಯ್ಯ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಖಾಲಿ ಜಾಗಕ್ಕೆ ಬಂದು ನಿಂತ.

"ಇಲ್ಲಿ ನನ್ನೆಸ್ರು ಬರೆದ್ರೆ ಏನಾಯ್ತದೆ ಮೇಡಂ?"

"ಕೇಳದೆ ಮುಟ್ಟಿದ್ದಕ್ಕೆ ಒಂದು ಮೆಮೊ ಕೊಡ್ಲೇಬೇಕು. ಕೆಲಸ ಹೋಗಲ್ಲ. ಅದನ್ನ ನಾನು ನೋಡ್ಕೋತೀನಿ."

ಹುಚ್ಚಯ್ಯ ಪೆನ್ನು ಹಿಡಿದುಕೊಂಡು ಅಮೃತೇಶನ ಕಡೆ ತಿರುಗಿದ. "ವಸಿ ಭಯ ಆಯ್ತದೆ ಸಾ" ಎಂದ.

ಮಂಗಳವಾರ ಇರಲಿಲ್ಲ, ಆ ಭಯ. ಅಮೃತೇಶನ ಒಳಗೆ ಏನೋ ಸಣ್ಣಗೆ ಚುಚ್ಚಿತು. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದಾಗ ಚುಚ್ಚುವ ಹಾಗೆ. ಅವನು ಕಿಟಕಿಯ ಕಡೆ ನೋಡಿದ.

"ಬೇಡ ಅನ್ಸಿದ್ರೆ ಬಿಡಿ, ಅಣ್ಣ."

ಹುಚ್ಚಯ್ಯ ಬಿಡಲಿಲ್ಲ. ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ತನ್ನ ಹೆಸರು ಬರೆದ. ಪೆನ್ನು ಮುಚ್ಚಲು ಹೋದವನು ಮತ್ತೆ ತೆರೆದು, ಕೆಳಗೆ ಸೂಚನೆಗಳು ಎಂದಿದ್ದ ಕಡೆ ಇನ್ನೆರಡು ಸಾಲು ಸೇರಿಸಿದ.

ಅಲ್ಲಾಡಿಸಬಾರದು.

ಬಗ್ಗಿ ನೋಡಬಾರದು.